ಹಲ್ಲಿನ ಲೆಕ್ಕ ಇಡುವವರು ಬೇಕಾಗಿದ್ದಾರೆ

ದ್ವಿತೀಯ ಪಿಯುಸಿ ಮತ್ತು ನೀಟ್ ಫಲಿತಾಂಶಗಳು ಬಂದು ಸೀಟು ಹಂಚಿಕೆಯ ಕಾಲ ಶುರುವಾಯಿತೆಂದರೆ ನಮ್ಮ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. 'ಎಂಬಿಬಿಎಸ್ ಸಿಗದಿದ್ದರೆ ಡೆಂಟಲ್ ಇದ್ದೇ ಇದೆ.' ದಂತವೈದ್ಯಕೀಯವನ್ನು ಹೀಗೆ ಎರಡನೇ ಬಾಗಿಲಾಗಿ ನೋಡುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಆ ಬಾಗಿಲಿನಿಂದ ಒಳಗೆ ಹೋದವರಿಗೂ ಮುಂದಿನ ದಾರಿ ಒಂದೇ ಎಂಬ ನಂಬಿಕೆ: ಐದು ವರ್ಷದ ಓದು, ಪೇಟೆ ಬೀದಿಯಲ್ಲೊಂದು ಕ್ಲಿನಿಕ್, ಒಂದು ಕುರ್ಚಿ, ಬಾಗಿಲಿಗೊಂದು ಫಲಕ.

ಇನ್ನೊಂದು ದಾರಿಯೂ ಇದೆ. ಅದರ ಬಗ್ಗೆ ಮಾತನಾಡುವವರು ಕಡಿಮೆ. ಅದು ಸಂಶೋಧನೆಯ ದಾರಿ. ಒಬ್ಬ ರೋಗಿಯ ಹಲ್ಲು ಸರಿಮಾಡುವುದು ಒಂದು ಕೆಲಸ. ಒಂದು ಜಿಲ್ಲೆಯ ಮಕ್ಕಳ ಹಲ್ಲು ಯಾಕೆ ಕೆಡುತ್ತಿದೆ ಎಂದು ಕಂಡುಹಿಡಿದು, ಅದು ಕೆಡದಂತೆ ಮಾಡುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ನಮ್ಮಲ್ಲಿ ಜನ ಇದ್ದಾರೆ. ಎರಡನೆಯದಕ್ಕೆ ಇರುವವರು ತೀರ ಸಾಲದು.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಬಾಯಿಯ ಆರೋಗ್ಯದ ಜಾಗತಿಕ ವರದಿಯ ಪ್ರಕಾರ, ಪ್ರಪಂಚದ ಸುಮಾರು 350 ಕೋಟಿ ಜನರಿಗೆ ಬಾಯಿಗೆ ಸಂಬಂಧಿಸಿದ ಒಂದಲ್ಲ ಒಂದು ಕಾಯಿಲೆ ಇದೆ. ಅಂದರೆ ಹೆಚ್ಚುಕಡಿಮೆ ಮನುಷ್ಯಕುಲದ ಅರ್ಧ. ಇವರಲ್ಲಿ ನಾಲ್ವರಲ್ಲಿ ಮೂವರು ಇರುವುದು ಮಧ್ಯಮ ಆದಾಯದ ದೇಶಗಳಲ್ಲಿ. ಭಾರತ ಆ ಪಟ್ಟಿಯಲ್ಲಿದೆ. ಕಾಯಿಲೆ ಇರುವುದು ಇಲ್ಲಿ. ಆದರೆ ಆ ಕಾಯಿಲೆಯ ಬಗ್ಗೆ ಪ್ರಶ್ನೆ ಕೇಳಿ ಉತ್ತರ ಹುಡುಕುವ ಪ್ರಯೋಗಾಲಯ, ಹಣ, ಜನ ಹೆಚ್ಚಾಗಿ ಇರುವುದು ಬೇರೆಡೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ.

ಒಂದೇ ವರ್ಷ, ಎರಡು ದೇಶ

1948ನೇ ಇಸವಿಯನ್ನು ಗಮನಿಸಿ. ಆ ವರ್ಷ ಸ್ವತಂತ್ರ ಭಾರತದಲ್ಲಿ ದಂತವೈದ್ಯರ ಕಾಯ್ದೆ ಜಾರಿಗೆ ಬಂತು. ಯಾರು ದಂತವೈದ್ಯರು, ಯಾರು ಅಲ್ಲ, ಅವರು ಎಲ್ಲಿ ಓದಿರಬೇಕು, ಎಲ್ಲಿ ಹೆಸರು ನೋಂದಾಯಿಸಬೇಕು ಎಂಬುದನ್ನು ಅದು ಗೊತ್ತುಪಡಿಸಿತು. ಮರುವರ್ಷ ಭಾರತೀಯ ದಂತವೈದ್ಯ ಪರಿಷತ್ತು ಅಸ್ತಿತ್ವಕ್ಕೆ ಬಂತು. ಅಲ್ಲಿಯವರೆಗೆ ಬೀದಿ ಬದಿಯಲ್ಲಿ ಚಾಪೆ ಹಾಸಿ ಹಲ್ಲು ಕೀಳುವವರೂ, ಓದಿದ ವೈದ್ಯರೂ ಕಾನೂನಿನ ಕಣ್ಣಿಗೆ ಬಹುತೇಕ ಒಂದೇ ಆಗಿದ್ದರು. ಆದ್ದರಿಂದ ಅದು ಆಗಲೇಬೇಕಾಗಿದ್ದ ಕೆಲಸ.

ಅದೇ 1948ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ದಂತ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು. ಅದಕ್ಕೊಂದು ಹಿನ್ನೆಲೆಯಿತ್ತು. ಎರಡನೇ ಮಹಾಯುದ್ಧಕ್ಕೆ ಸೈನಿಕರನ್ನು ಸೇರಿಸಿಕೊಳ್ಳುವಾಗ, ಬಾಯಲ್ಲಿ ಇರಬೇಕಾದಷ್ಟು ಹಲ್ಲುಗಳೇ ಇಲ್ಲವೆಂಬ ಕಾರಣಕ್ಕೆ ಬಹಳಷ್ಟು ಯುವಕರನ್ನು ವಾಪಸು ಕಳಿಸಬೇಕಾಗಿ ಬಂದಿತ್ತು. ಹಲ್ಲು ತುಂಬುವ ವೈದ್ಯರ ಸಂಖ್ಯೆ ಹೆಚ್ಚಿಸಿದರೆ ಸಾಲದು, ಹಲ್ಲು ಕೆಡುವ ಕಾರಣವನ್ನೇ ಹಿಡಿಯಬೇಕು ಎಂಬ ತಿಳಿವಳಿಕೆ ಅಲ್ಲಿ ಬಲಗೊಂಡಿತು.

ಒಂದು ದೇಶ ವೈದ್ಯರನ್ನು ಗುರುತಿಸಿತು, ಇನ್ನೊಂದು ದೇಶ ಸಂಶೋಧಕರನ್ನು ಸಾಕಿತು. ಬಡತನ, ಬರ, ವಿಭಜನೆಯ ಗಾಯಗಳ ನಡುವೆ ಇದ್ದ ಭಾರತಕ್ಕೆ ಆಗ ಬೇರೆ ಆಯ್ಕೆ ಇರಲಿಲ್ಲವೆಂದೇ ಹೇಳಬೇಕು. ಡಾ. ರಫಿಯುದ್ದೀನ್ ಅಹ್ಮದ್ ಅವರು 1920ರಲ್ಲಿ ಕಲ್ಕತ್ತದಲ್ಲಿ ದಂತವೈದ್ಯಕೀಯ ಕಾಲೇಜು ಆರಂಭಿಸಿ ಹಾಕಿದ ಬುನಾದಿಯ ಮೇಲೆ ಇಂದು ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ದಂತ ಕಾಲೇಜುಗಳು ನಿಂತಿವೆ. ಹೆಚ್ಚು ಕಾಲೇಜುಗಳಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಮುಂದಿದೆ. ಈಗ ಕೇಳಬೇಕಾದ ಪ್ರಶ್ನೆ ಕಾಲೇಜುಗಳ ಸಂಖ್ಯೆಯದಲ್ಲ. ಅವುಗಳಿಂದ ಹೊಸ ಜ್ಞಾನ ಎಷ್ಟು ಹುಟ್ಟುತ್ತಿದೆ ಎಂಬುದು.

ಹಳ್ಳಿಗೆ ಹೋದ ವಿಜ್ಞಾನಿಗಳು

ನಮ್ಮಲ್ಲಿ ಸಂಶೋಧನೆಯೇ ನಡೆದಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ನಡೆದಾಗ ಅದು ಪ್ರಪಂಚಕ್ಕೇ ಪಾಠ ಹೇಳಿದೆ.

1933ರಲ್ಲಿ ದಕ್ಷಿಣ ತಿರುವಾಂಕೂರಿನ ನೆಯ್ಯೂರಿನಲ್ಲಿ ಕೆಲಸ ಮಾಡುತ್ತಿದ್ದ ಓರ್ ಎಂಬ ವೈದ್ಯ, ಎಲೆಅಡಿಕೆ ಜಗಿಯುವವರಲ್ಲಿ ಕಾಣುವ ಬಾಯಿ ಕ್ಯಾನ್ಸರಿನ ಬಗ್ಗೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. 1955ರಲ್ಲಿ ಮುಂಬಯಿಯಲ್ಲಿ ಸಾಂಘ್ವಿ, ರಾವ್ ಮತ್ತು ಖಾನೋಲ್ಕರ್ ಅವರು ಕ್ಯಾನ್ಸರ್ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿ, ತಂಬಾಕು ಸೇದುವುದಕ್ಕೂ ಜಗಿಯುವುದಕ್ಕೂ ಬಾಯಿ, ಗಂಟಲಿನ ಕ್ಯಾನ್ಸರಿಗೂ ಇರುವ ನಂಟನ್ನು ಅಂಕಿಅಂಶಗಳಿಂದ ತೋರಿಸಿದರು. ಆದರೆ ಇವೆಲ್ಲ ಆಸ್ಪತ್ರೆಗೆ ಬಂದವರನ್ನು ನೋಡಿ ಹೇಳಿದ ಮಾತು. ಆಸ್ಪತ್ರೆಗೆ ಬಾರದವರ ಕತೆ ಏನು?

ಈ ಪ್ರಶ್ನೆಯನ್ನು ಹಿಡಿದು ಹೊರಟದ್ದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಹೋಮಿ ಭಾಭಾ ಕಟ್ಟಿದ ಈ ಸಂಸ್ಥೆಯ ಹೆಸರು ಕೇಳಿದರೆ ಎಲ್ಲರಿಗೂ ನೆನಪಾಗುವುದು ಭೌತವಿಜ್ಞಾನ ಮತ್ತು ಗಣಿತ. ಅಲ್ಲಿ ಒಂದು ಮೂಲಭೂತ ದಂತ ಸಂಶೋಧನಾ ಘಟಕವೂ ಇತ್ತೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಡಾ. ಫಾಲಿ ಮೆಹ್ತಾ ಅದನ್ನು ನಡೆಸುತ್ತಿದ್ದರು. ಡೆನ್ಮಾರ್ಕಿನ ಬಾಯಿರೋಗ ತಜ್ಞ ಜೆನ್ಸ್ ಪಿಂಡ್‌ಬೋರ್ಗ್ ಜೊತೆಗೂಡಿದರು. ಇವರ ತಂಡ 1960ರ ದಶಕದಲ್ಲಿ ಐದು ಜಿಲ್ಲೆಗಳ ಹಳ್ಳಿಗಳಿಗೆ ಹೋಗಿ ಮನೆಮನೆಯ ಬಾಗಿಲು ತಟ್ಟಿತು: ಕೇರಳದ ಎರ್ನಾಕುಲಂ, ಆಂಧ್ರದ ಶ್ರೀಕಾಕುಳಂ, ಗುಜರಾತಿನ ಭಾವನಗರ, ಆಗ ಬಿಹಾರದಲ್ಲಿದ್ದ ಸಿಂಗಭೂಮ್ ಮತ್ತು ದರ್ಭಂಗಾ. 1969ರಲ್ಲಿ ಪ್ರಕಟವಾದ ವರದಿಯಲ್ಲಿ 50,915 ಹಳ್ಳಿಗರ ಬಾಯಿಯ ಪರೀಕ್ಷೆಯ ವಿವರ ಇತ್ತು.

ಹೋದದ್ದಕ್ಕೆ ಸಿಕ್ಕಿದ್ದೇನು? ಕಾಯಿಲೆ ಊರಿಂದ ಊರಿಗೆ ಬೇರೆ ಬೇರೆ ರೂಪದಲ್ಲಿತ್ತು. ಶ್ರೀಕಾಕುಳಂ ಕಡೆ 'ಚುಟ್ಟ' ಎಂಬ ಸುರುಳಿಯನ್ನು ಹೊತ್ತಿದ ತುದಿ ಬಾಯೊಳಗೆ ಇಟ್ಟುಕೊಂಡು ಸೇದುವ ರೂಢಿ, ಅದರಲ್ಲೂ ಹೆಂಗಸರಲ್ಲಿ. ಅಲ್ಲಿ ಹುಣ್ಣು, ಕ್ಯಾನ್ಸರು ಹೆಚ್ಚಾಗಿ ಅಂಗುಳಿನಲ್ಲಿ ಕಾಣಿಸಿದವು. ತಾಂಬೂಲದ ಜೊತೆ ಹೊಗೆಸೊಪ್ಪು ಜಗಿಯುವ ಕಡೆ ಕೆನ್ನೆಯ ಒಳಭಾಗವೇ ಅದರ ಜಾಗ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಬರೆದ ಪಠ್ಯಪುಸ್ತಕ ನೋಡಿ ಈ ವಿಷಯ ತಿಳಿಯುವುದು ಸಾಧ್ಯವೇ ಇರಲಿಲ್ಲ. ಅಲ್ಲಿನ ಯಾರೂ ಹಾಗೆ ಚುಟ್ಟ ಸೇದುವುದಿಲ್ಲವಲ್ಲ!

ತಂಡ ಅಷ್ಟಕ್ಕೇ ನಿಲ್ಲಲಿಲ್ಲ. ಕಾರಣ ಗೊತ್ತಾದ ಮೇಲೆ ಅದನ್ನು ಬಿಡಿಸಲು ಸಾಧ್ಯವೇ ಎಂಬುದು ಮುಂದಿನ ಪ್ರಶ್ನೆ. ಮೂರು ಜಿಲ್ಲೆಗಳ ಸುಮಾರು 36,000 ತಂಬಾಕು ಬಳಕೆದಾರರನ್ನು ವರ್ಷವರ್ಷವೂ ಭೇಟಿಮಾಡಿ ಬಾಯಿ ಪರೀಕ್ಷಿಸಿ, ಚಟ ಬಿಡುವಂತೆ ತಿಳಿಹೇಳಲಾಯಿತು. ಚಟ ಬಿಟ್ಟವರು, ಕಡಿಮೆ ಮಾಡಿದವರು ಹೆಚ್ಚಿದರು. ಕ್ಯಾನ್ಸರಿಗೆ ಮುನ್ಸೂಚನೆಯಾದ ಬಿಳಿ ಮಚ್ಚೆಗಳು ಕಡಿಮೆಯಾದವು. 1986ರಲ್ಲಿ 'ಲ್ಯಾನ್ಸೆಟ್' ಇದನ್ನು ಪ್ರಕಟಿಸಿತು. ಔಷಧ, ಶಸ್ತ್ರಕ್ರಿಯೆ ಯಾವುದೂ ಇಲ್ಲದೆ, ಮಾತಿನಿಂದಲೇ ಕಾಯಿಲೆಯ ದಾರಿ ತಪ್ಪಿಸಬಹುದೆಂದು ತೋರಿಸಿದ್ದು ಭಾರತದ ಹಳ್ಳಿಗಳಲ್ಲಿ ನಡೆದ ಈ ಕೆಲಸ.

ತಿರುವನಂತಪುರದ ಒಗಟು

ಇನ್ನೊಂದು ಉದಾಹರಣೆ ವಿದ್ಯಾರ್ಥಿಗಳು ಸ್ವಲ್ಪ ತಲೆ ಕೆಡಿಸಿಕೊಂಡು ನೋಡಬೇಕಾದದ್ದು.

ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಜೊತೆಗೂಡಿ 1990ರ ದಶಕದ ಮಧ್ಯದಲ್ಲಿ ಒಂದು ದೊಡ್ಡ ಪ್ರಯೋಗ ಆರಂಭಿಸಿತು. 13 ಪಂಚಾಯಿತಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಲಾಯಿತು. 35 ವರ್ಷ ದಾಟಿದ 1,91,873 ಜನ ಇದರಲ್ಲಿದ್ದರು. ಒಂದು ಗುಂಪಿನ ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮೂರು ಸುತ್ತು ಮನೆಗಳಿಗೆ ಹೋಗಿ, ಟಾರ್ಚ್ ಬೆಳಕಿನಲ್ಲಿ ಬಾಯಿ ಪರೀಕ್ಷಿಸಿದರು. ಇವರು ವೈದ್ಯರಲ್ಲ, ಪದವಿ ಓದಿದ ಸಾಮಾನ್ಯ ಯುವಜನ. ಸಂಶಯ ಬಂದವರನ್ನು ವೈದ್ಯರ ಬಳಿ ಕಳಿಸಿದರು. ಇನ್ನೊಂದು ಗುಂಪಿನಲ್ಲಿ ಎಂದಿನಂತೆ, ತೊಂದರೆಯಾದವರು ತಾವೇ ಆಸ್ಪತ್ರೆಗೆ ಹೋಗುತ್ತಿದ್ದರು.

2005ರಲ್ಲಿ ಫಲಿತಾಂಶ ಹೊರಬಂತು. ಪರೀಕ್ಷೆ ನಡೆದ ಗುಂಪಿನಲ್ಲಿ ಬಾಯಿ ಕ್ಯಾನ್ಸರಿನ ಪ್ರಕರಣಗಳು 205. ಪರೀಕ್ಷೆ ನಡೆಯದ ಗುಂಪಿನಲ್ಲಿ 158. ಮೇಲುನೋಟಕ್ಕೆ ಪರೀಕ್ಷೆ ಮಾಡಿದ್ದರಿಂದಲೇ ಕ್ಯಾನ್ಸರ್ ಹೆಚ್ಚಾಯಿತೆಂದು ತೋರುತ್ತದೆ! ಆದರೆ ಸಾವುಗಳ ಲೆಕ್ಕ ನೋಡಿ: ಮೊದಲ ಗುಂಪಿನಲ್ಲಿ 77, ಎರಡನೆಯದರಲ್ಲಿ 87. ಪ್ರಕರಣ ಹೆಚ್ಚು, ಸಾವು ಕಡಿಮೆ. ಹೇಗೆ? ಹುಡುಕಿದವರಿಗೆ ಸಿಗುತ್ತದೆ. ಹುಡುಕಿ ಬೇಗ ಸಿಕ್ಕಿದ ಕ್ಯಾನ್ಸರ್ ಗುಣವಾಗುವ ಸಂಭವವೂ ಹೆಚ್ಚು. ಇದೇ ಒಗಟಿನ ಉತ್ತರ.

ಸಂಶೋಧಕರ ಪ್ರಾಮಾಣಿಕತೆ ಇರುವುದು ಮುಂದಿನ ಹೆಜ್ಜೆಯಲ್ಲಿ. 77 ಮತ್ತು 87ರ ನಡುವಿನ ಅಂತರ ಬರೀ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದೆಂದು ಅವರೇ ಹೇಳಿದರು. ಆದರೆ ತಂಬಾಕು ಅಥವಾ ಮದ್ಯ ಬಳಸುವವರನ್ನು ಮಾತ್ರ ತೆಗೆದುಕೊಂಡಾಗ ಸಾವಿನ ಪ್ರಮಾಣ ಶೇ. 34ರಷ್ಟು ಕಡಿಮೆಯಾಗಿತ್ತು. ಅದು ಆಕಸ್ಮಿಕವೆಂದು ತಳ್ಳಿಹಾಕುವಂತಿರಲಿಲ್ಲ. ಹೀಗಾಗಿ ಅವರ ತೀರ್ಮಾನವೂ ಅಷ್ಟಕ್ಕೇ ಸೀಮಿತವಾಗಿತ್ತು: ಇಂತಹ ಅಪಾಯದಲ್ಲಿರುವವರಿಗೆ ಈ ಪರೀಕ್ಷೆ ಜೀವ ಉಳಿಸುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಮಾರ್ಗಸೂಚಿ ಹೊರಡಿಸಿದಾಗ, ಬಾಯಿಯನ್ನು ಕಣ್ಣಿನಿಂದ ನೋಡುವ ಈ ಸರಳ ವಿಧಾನವೇ ಅದರಲ್ಲಿತ್ತು. ದುಬಾರಿ ಯಂತ್ರ ಬೇಡ, ಒಂದು ಟಾರ್ಚ್ ಮತ್ತು ತರಬೇತಾದ ಕಣ್ಣು ಸಾಕು ಎಂದು ಬಡ ದೇಶವೊಂದು ತನ್ನದೇ ನೆಲದಲ್ಲಿ ಪ್ರಯೋಗ ಮಾಡಿ ಹೇಳಿದ ಮಾತಿದು.

ಎರವಲು ಉತ್ತರ ಯಾಕೆ ಸಾಲದು?

'ಅಮೆರಿಕದವರು ಹೇಗೂ ಸಂಶೋಧನೆ ಮಾಡುತ್ತಾರೆ, ಅದನ್ನೇ ಓದಿ ಬಳಸಿಕೊಂಡರಾಗದೆ?' ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ ನಮ್ಮ ಬಯಲುಸೀಮೆಯ ಕೊಳವೆಬಾವಿಗಳಲ್ಲಿದೆ.

1901ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ, ಅಲ್ಲಿನ ಜನರ ಹಲ್ಲಿನ ಮೇಲಿದ್ದ ಕಂದು ಕಲೆಗಳನ್ನು ಕಂಡು ಬೆರಗಾದರು. ಮೂರು ದಶಕಗಳ ಹುಡುಕಾಟದ ಬಳಿಕ ಅದಕ್ಕೆ ಕುಡಿಯುವ ನೀರಿನ ಫ್ಲೋರೈಡ್ ಕಾರಣವೆಂದು ಗೊತ್ತಾಯಿತು. ಟ್ರೆಂಡ್ಲಿ ಡೀನ್ ಎಂಬ ವಿಜ್ಞಾನಿ ಮುಂದೆ ಹೋಗಿ, ಫ್ಲೋರೈಡ್ ಹೆಚ್ಚಾದರೆ ಕಲೆ, ಹಿತಮಿತವಾಗಿದ್ದರೆ ಹುಳುಕಿನಿಂದ ರಕ್ಷಣೆ ಎಂದು ಊರೂರಿನ ಲೆಕ್ಕ ಹಾಕಿ ತೋರಿಸಿದರು. 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ತನ್ನ ನೀರಿಗೆ ಲೀಟರಿಗೆ ಸುಮಾರು ಒಂದು ಮಿಲಿಗ್ರಾಂನಷ್ಟು ಫ್ಲೋರೈಡ್ ಬೆರೆಸಲಾರಂಭಿಸಿತು.

ಅದನ್ನು ಹಾಗೆಯೇ ಇಲ್ಲಿಗೆ ತಂದರೆ ಏನಾಗುತ್ತದೆ? ಪಾವಗಡ, ಬಾಗೇಪಲ್ಲಿ, ಮುಂಡರಗಿಯಂತಹ ಕಡೆ ನೆಲದಾಳದ ನೀರಿನಲ್ಲೇ ಬೇಕಾದದ್ದಕ್ಕಿಂತ ಹೆಚ್ಚು ಫ್ಲೋರೈಡ್ ಇದೆ. ಅಲ್ಲಿನ ಸಮಸ್ಯೆ ಬೆರೆಸುವುದಲ್ಲ, ತೆಗೆಯುವುದು. ಅಲ್ಲದೆ ಬಿಸಿಲಿನಲ್ಲಿ ಆಡುವ, ದುಡಿಯುವ ಮಗು ಚಳಿದೇಶದ ಮಗುವಿಗಿಂತ ಹೆಚ್ಚು ನೀರು ಕುಡಿಯುತ್ತದೆ. ನೀರಿನಲ್ಲಿ ಅದೇ ಪ್ರಮಾಣ ಇದ್ದರೂ ಮೈಗೆ ಸೇರುವ ಫ್ಲೋರೈಡ್ ಹೆಚ್ಚು. ಫ್ಲೋರೈಡ್ ಬರೀ ಹಲ್ಲಿಗಲ್ಲದೆ ಮೂಳೆಗೂ ಏರಿ ಬೆನ್ನು ಬಗ್ಗಿಸುತ್ತದೆಂಬುದನ್ನು 1937ರಲ್ಲೇ ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಶಾರ್ಟ್ ಮತ್ತು ಅವರ ಸಂಗಡಿಗರು ವರದಿ ಮಾಡಿದ್ದರು. ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ಇಳಿಸುವ 'ನಲಗೊಂಡ ವಿಧಾನ'ವನ್ನು 1970ರ ದಶಕದಲ್ಲಿ ರೂಪಿಸಿದ್ದು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ. ಭಾರತದ ಇಂದಿನ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದ ಕಡೆ ಮಾತ್ರ 1.5ರವರೆಗೆ ಸಹಿಸಬಹುದು. ಅಂದರೆ ಒಂದು ದೇಶದ ಔಷಧ ಇನ್ನೊಂದು ದೇಶದ ಉಪದ್ರವ ಆಗಬಹುದು. ಯಾವುದು ಯಾವುದೆಂದು ತಿಳಿಯಲು ನಮ್ಮ ನೀರನ್ನು ನಾವೇ ಅಳೆಯಬೇಕು, ನಮ್ಮ ಮಕ್ಕಳ ಹಲ್ಲನ್ನು ನಾವೇ ನೋಡಬೇಕು.

ಎಣಿಸುವುದೂ ಒಂದು ವಿದ್ಯೆ

ನೋಡುವುದೆಂದರೆ ಹೇಗೆ? ಸಂಶೋಧನಾ ಸಾಮರ್ಥ್ಯ ಎಂಬ ದೊಡ್ಡ ಮಾತಿನ ಒಳಗುಟ್ಟು ಇರುವುದು ಇಂತಹ ಸಣ್ಣ ವಿಷಯಗಳಲ್ಲೇ.

1938ರಲ್ಲಿ ಅಮೆರಿಕದ ಕ್ಲೈನ್, ಪಾಮರ್ ಮತ್ತು ನಟ್ಸನ್ ಒಂದು ಸುಲಭ ಅಳತೆ ಹೇಳಿಕೊಟ್ಟರು. ಒಂದು ಮಗುವಿನ ಬಾಯಲ್ಲಿ ಹುಳುಕು ಹಿಡಿದ ಹಲ್ಲೆಷ್ಟು, ಹುಳುಕಿನಿಂದ ಕಳೆದುಹೋದದ್ದೆಷ್ಟು, ತುಂಬಿಸಿದ್ದೆಷ್ಟು ಎಂದು ಕೂಡಿಸುವುದು. ಇದೇ 'ಡಿಎಂಎಫ್‌ಟಿ' ಸೂಚ್ಯಂಕ. 12 ವರ್ಷದ ಮಕ್ಕಳಲ್ಲಿ ಈ ಸರಾಸರಿ ಎಷ್ಟೆಂಬುದನ್ನು ದೇಶದೇಶಗಳು ಹೋಲಿಸಿಕೊಳ್ಳುತ್ತವೆ.

ಆದರೆ ಸರಾಸರಿ ಮೋಸ ಮಾಡಬಲ್ಲದು. ನಾಲ್ಕು ಮಕ್ಕಳಿದ್ದಾರೆಂದು ಭಾವಿಸಿ. ಅವರ ಲೆಕ್ಕ ಕ್ರಮವಾಗಿ 0, 0, 1 ಮತ್ತು 7. ಸರಾಸರಿ 2. 'ಪರವಾಗಿಲ್ಲ' ಎನ್ನಿಸುತ್ತದೆ. ಆದರೆ ಇಬ್ಬರಿಗೆ ಕಾಯಿಲೆಯೇ ಇಲ್ಲ, ಒಬ್ಬ ಮಗುವಿಗೆ ಮಾತ್ರ ಏಳು ಹಲ್ಲು ಹಾಳಾಗಿವೆ. ಆ ಮಗು ಯಾರ ಮನೆಯದು? ಎಲ್ಲಿ ಓದುತ್ತದೆ? ಏನು ತಿನ್ನುತ್ತದೆ? ಸಂಶೋಧನೆ ಆರಂಭವಾಗುವುದು ಈ ಪ್ರಶ್ನೆಯಿಂದ.

ಇನ್ನೊಂದು ತೊಡಕು ನೋಡುವ ಕಣ್ಣಿನದು. ಇಬ್ಬರು ವೈದ್ಯರು ಅದೇ 100 ಮಕ್ಕಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿದರು ಎನ್ನಿ. ಇಬ್ಬರೂ ತಲಾ 50 ಮಕ್ಕಳಿಗೆ ಹುಳುಕಿದೆ ಎಂದರು. 40 ಮಕ್ಕಳ ವಿಷಯದಲ್ಲಿ ಇಬ್ಬರೂ 'ಇದೆ' ಎಂದರು, 40 ಮಕ್ಕಳ ವಿಷಯದಲ್ಲಿ ಇಬ್ಬರೂ 'ಇಲ್ಲ' ಎಂದರು, ಉಳಿದ 20ರಲ್ಲಿ ಭಿನ್ನಾಭಿಪ್ರಾಯ. ಒಮ್ಮತ ಶೇ. 80. ಒಳ್ಳೆಯದೇ ಎನ್ನಬಹುದು. ಆದರೆ ಇಬ್ಬರೂ ಕಣ್ಣುಮುಚ್ಚಿ ನಾಣ್ಯ ಚಿಮ್ಮಿ ಹೇಳಿದ್ದರೂ ಶೇ. 50ರಷ್ಟು ಒಮ್ಮತ ತಾನಾಗಿ ಬರುತ್ತಿತ್ತು. ಆದ್ದರಿಂದ ನಿಜವಾದ ಗಳಿಕೆ 50ರಿಂದ 80ಕ್ಕೆ ಏರಿದ 30 ಮಾತ್ರ. ಏರಬಹುದಾಗಿದ್ದದ್ದು 50. ಭಾಗಿಸಿದರೆ 0.6. ಸಂಖ್ಯಾಶಾಸ್ತ್ರಜ್ಞರು 'ಕಪ್ಪಾ' ಎನ್ನುವುದು ಇದನ್ನೇ. ಸಮೀಕ್ಷೆಗೆ ಹೊರಡುವ ಮೊದಲು ಎಲ್ಲ ಪರೀಕ್ಷಕರನ್ನೂ ಕೂರಿಸಿ, ಅದೇ ಮಕ್ಕಳನ್ನು ಮತ್ತೆ ಮತ್ತೆ ತೋರಿಸಿ, ಈ ಅಂಕಿ ತೃಪ್ತಿಕರವಾಗುವವರೆಗೆ ತರಬೇತಿ ಕೊಡಬೇಕು. ಇಲ್ಲದಿದ್ದರೆ ರಾಯಚೂರಿನಲ್ಲಿ ಹುಳುಕು ಹೆಚ್ಚು, ಉಡುಪಿಯಲ್ಲಿ ಕಡಿಮೆ ಎಂದು ಬಂದ ಲೆಕ್ಕ ಮಕ್ಕಳ ಹಲ್ಲಿನದೋ, ವೈದ್ಯರ ಕಣ್ಣಿನದೋ ಗೊತ್ತಾಗುವುದಿಲ್ಲ.

ಭಾರತ ಈ ಶ್ರಮವನ್ನು ರಾಷ್ಟ್ರಮಟ್ಟದಲ್ಲಿ ಮಾಡಿದ್ದು 2002-03ರಲ್ಲಿ. ದಂತವೈದ್ಯ ಪರಿಷತ್ತು ನಡೆಸಿದ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆ ಮತ್ತು ಫ್ಲೋರೈಡ್ ನಕ್ಷೆಯ ವರದಿ 2004ರಲ್ಲಿ ಬಂತು. 5 ವರ್ಷದ ಮಕ್ಕಳಲ್ಲಿ ಶೇ. 51.9, 12 ವರ್ಷದವರಲ್ಲಿ ಶೇ. 53.8, 15 ವರ್ಷದವರಲ್ಲಿ ಶೇ. 63.1 ಮಂದಿಗೆ ದಂತಕ್ಷಯ ಇತ್ತು. ತರಗತಿಯ ಅರ್ಧಕ್ಕಿಂತ ಹೆಚ್ಚು ಬೆಂಚುಗಳ ಕತೆ ಇದು. ಇಂತಹ ಸಮೀಕ್ಷೆಯನ್ನು ಐದಾರು ವರ್ಷಕ್ಕೊಮ್ಮೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಸಲ ತೂಕ ನೋಡಿದರೆ ಮಗು ಬೆಳೆಯುತ್ತಿದೆಯೇ ಸೊರಗುತ್ತಿದೆಯೇ ತಿಳಿಯುವುದಿಲ್ಲ. ಅದೇ ತಕ್ಕಡಿಯಲ್ಲಿ ಮತ್ತೆ ಮತ್ತೆ ತೂಗಬೇಕು.

ಕಪಾಟಿನಲ್ಲಿ ಮಲಗಿದ ಪ್ರಬಂಧಗಳು

ಹಾಗಾದರೆ ಕೊರತೆ ಎಲ್ಲಿದೆ? ಬುದ್ಧಿವಂತಿಕೆಯಲ್ಲಂತೂ ಅಲ್ಲ. ಎಂಡಿಎಸ್ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೂರು ವರ್ಷದಲ್ಲಿ ಒಂದು ಪ್ರಬಂಧ ಬರೆಯಲೇಬೇಕು. ಮುನ್ನೂರು ಕಾಲೇಜುಗಳ ನಾಡಿನಲ್ಲಿ ಇದು ಸಣ್ಣ ರಾಶಿಯಲ್ಲ. ಆದರೆ ಹೆಚ್ಚಿನವು ಕಾಲೇಜಿನ ಕುರ್ಚಿಗೆ ತಾವಾಗಿ ಬಂದ ಐವತ್ತೋ ನೂರೋ ರೋಗಿಗಳ ಮೇಲೆ ಮಾಡಿದವು. ಒಂದು ಕಾಲೇಜಿನ ಅಳತೆ ಇನ್ನೊಂದರ ಅಳತೆಗೆ ಹೊಂದುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ದಪ್ಪ ರಟ್ಟಿನ ಬೈಂಡು ಹಾಕಿಸಿಕೊಂಡು ಅವು ಗ್ರಂಥಾಲಯದ ಕಪಾಟು ಸೇರುತ್ತವೆ. ನಲವತ್ತು ಕಾಲೇಜುಗಳು ಒಂದೇ ಪ್ರಶ್ನೆಯನ್ನು, ಒಂದೇ ನಮೂನೆಯಲ್ಲಿ, ತಮ್ಮ ಸುತ್ತಲ ಹತ್ತು ಹಳ್ಳಿಗಳಲ್ಲಿ ಕೇಳಿದರೆ ಅದೇ ಶ್ರಮದಿಂದ ಇಡೀ ರಾಜ್ಯದ ಚಿತ್ರ ಸಿಗುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಒಪ್ಪಂದ ಬೇಕು.

ಎರಡನೆಯ ಕೊರತೆ ಸಂಖ್ಯಾಶಾಸ್ತ್ರಜ್ಞರದು. ದಂತವೈದ್ಯರು ಮಾಹಿತಿ ಸಂಗ್ರಹಿಸಿ ಮುಗಿಸಿದ ಮೇಲೆ 'ಇದಕ್ಕೊಂದು ಲೆಕ್ಕ ಮಾಡಿಕೊಡಿ' ಎಂದು ಅವರ ಬಳಿ ಹೋಗುವುದು ರೂಢಿ. ಮನೆ ಕಟ್ಟಿದ ಮೇಲೆ ನಕ್ಷೆ ಬರೆಸಿದ ಹಾಗೆ. ಟಾಟಾ ಸಂಸ್ಥೆಯ ತಂಡ ಗೆದ್ದದ್ದಕ್ಕೆ ಒಂದು ಕಾರಣ, ಪ್ರಕಾಶ್ ಗುಪ್ತ ಅವರಂತಹ ಸಂಖ್ಯಾಶಾಸ್ತ್ರಜ್ಞರು ದಂತವೈದ್ಯರ ಜೊತೆ ಸಮಸಮವಾಗಿ ಕೆಲಸ ಮಾಡಿದ್ದು. ಗಣಿತ ಇಷ್ಟಪಡುವ, ಜೀವಶಾಸ್ತ್ರ ಬೇಡವೆನ್ನುವ ವಿದ್ಯಾರ್ಥಿಗಳಿಗೂ ಆರೋಗ್ಯ ಕ್ಷೇತ್ರದಲ್ಲಿ ಜಾಗವಿದೆ ಎಂಬುದನ್ನು ಪೋಷಕರು ಗಮನಿಸಬೇಕು.

ಮೂರನೆಯದು ತಾಳ್ಮೆ. ತಿರುವನಂತಪುರದ ಪ್ರಯೋಗಕ್ಕೆ ಹತ್ತು ವರ್ಷದಷ್ಟು ಕಾಲ ಹಿಡಿಯಿತು. ಎರಡು ವರ್ಷಕ್ಕೆ ಮಂಜೂರಾಗಿ ನಿಂತುಹೋಗುವ ಹಣದಿಂದ ಹತ್ತು ವರ್ಷದ ಉತ್ತರ ಸಿಗದು. ಸಂಬಳ ಖಾತ್ರಿಯಿಲ್ಲದೆ ಯುವ ವೈದ್ಯರು ಹಳ್ಳಿಯಲ್ಲಿ ನಿಲ್ಲುವುದೂ ಇಲ್ಲ. 'ರಿಸರ್ಚ್ ಮಾಡಿದರೆ ಹೊಟ್ಟೆಗೇನು?' ಎಂಬ ತಂದೆತಾಯಿಯ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಹೇಳಬೇಕಾದದ್ದು ಮಕ್ಕಳಲ್ಲ, ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು. ಸಂಶೋಧನೆಗೆಂದೇ ಕಾಯಂ ಹುದ್ದೆ, ಬಡ್ತಿಗೊಂದು ನ್ಯಾಯವಾದ ದಾರಿ ಇರದೆ ಸಾಮರ್ಥ್ಯ ಬೆಳೆಯಿತೆಂದರೆ ಅದು ಬರೀ ಭಾಷಣ.

ಕೊನೆಯದು ನಂಬಿಕೆ. ಪರೀಕ್ಷೆಗೆ ಬಾಯಿ ತೆರೆಯುವ ಹಳ್ಳಿಗನಿಗೆ ಇದು ಯಾಕೆ, ಬೇಡವೆನ್ನುವ ಹಕ್ಕು ತನಗಿದೆಯೇ, ಕಾಯಿಲೆ ಕಂಡರೆ ಚಿಕಿತ್ಸೆ ಎಲ್ಲಿ ಎಂಬುದನ್ನು ಅವನ ಮಾತಿನಲ್ಲೇ ತಿಳಿಸಿ ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೈತಿಕ ಮಾರ್ಗಸೂಚಿಗಳು, 2007ರಲ್ಲಿ ಆರಂಭವಾದ ಪ್ರಯೋಗಗಳ ರಾಷ್ಟ್ರೀಯ ನೋಂದಣಿ ಇರುವುದು ಇದಕ್ಕಾಗಿಯೇ. ಹಲ್ಲು ಎಣಿಸಿಕೊಂಡು ಹೋಗಿ ಮತ್ತೆ ಮುಖ ತೋರಿಸದವರಿಗೆ ಆ ಊರಿನಲ್ಲಿ ಎರಡನೇ ಸಲ ಯಾರೂ ಬಾಯಿ ತೆರೆಯುವುದಿಲ್ಲ.

ಅಡಿಕೆಯ ಕಠಿಣ ಪ್ರಶ್ನೆ

ಸ್ವಂತ ಸಂಶೋಧನೆ ಎಷ್ಟು ಅಗತ್ಯವೋ ಅಷ್ಟೇ ಕಷ್ಟವೂ ಹೌದು ಎಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆ ಅಡಿಕೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳ ಮಕ್ಕಳ ಕಾಲೇಜು ಶುಲ್ಕ ಆ ತೋಟದಿಂದಲೇ ಬರುತ್ತದೆ. ಇನ್ನೊಂದೆಡೆ, ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ಪ್ರಕಟಣೆಯಲ್ಲಿ ಹೇಳಿದೆ. ಕೆನ್ನೆಯ ಒಳಪದರ ಗಡುಸಾಗಿ ಬಾಯಿ ತೆರೆಯಲಾಗದಂತೆ ಮಾಡುವ 'ಸಬ್‌ಮ್ಯೂಕಸ್ ಫೈಬ್ರೋಸಿಸ್' ಕಾಯಿಲೆಗೆ ಅಡಿಕೆಯೇ ಮುಖ್ಯ ಕಾರಣ. ಗುಟ್ಕಾ ಪೊಟ್ಟಣಗಳು ಬಂದ ಮೇಲೆ ಇದು ಹದಿಹರೆಯದವರಲ್ಲೂ ಕಾಣಿಸಿಕೊಂಡಿತು. ಖಾರ ತಿಂದರೆ ಉರಿ, ಹಿಂದಿನಂತೆ ಮೂರು ಬೆರಳು ಬಾಯೊಳಗೆ ಹೋಗದಿರುವುದು ಇದರ ಲಕ್ಷಣ. ಹಾಗಿದ್ದರೆ ಪೋಷಕರು ತಡಮಾಡದೆ ಮಗುವನ್ನು ವೈದ್ಯರಿಗೆ ತೋರಿಸಬೇಕು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆದರೆ 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಶೇ. 21.4 ಮಂದಿ ಹೊಗೆರಹಿತ ತಂಬಾಕು ಬಳಸುತ್ತಿದ್ದರು.

ಇಲ್ಲಿ ಸಂಶೋಧಕರ ಮೇಲೆ ಎರಡೂ ಕಡೆಯ ಒತ್ತಡ ಬರುವುದು ಸಹಜ. ಬೆಳೆಗಾರರಿಗೆ ಬೇಕಾದ ಉತ್ತರ ಒಂದಿರಬಹುದು, ವೈದ್ಯರಿಗೆ ಬೇಕಾದದ್ದು ಇನ್ನೊಂದಿರಬಹುದು. ಸಂಶೋಧನೆಗೆ ಬೇಕಾದದ್ದು ನಿಜವಾದ ಉತ್ತರ ಮಾತ್ರ. ಹಣ ಕೊಟ್ಟವರ ಮುಖ ನೋಡದೆ ಫಲಿತಾಂಶ ಪ್ರಕಟಿಸುವ ಸ್ವಾತಂತ್ರ್ಯ ಇದ್ದಾಗ ಮಾತ್ರ ಅದು ಬರುತ್ತದೆ. ಆ ಉತ್ತರ ಬಂದ ಮೇಲೆ ಬೆಳೆಗಾರನಿಗೆ ಬದಲಿ ದಾರಿ ಹುಡುಕುವುದೂ ಸಂಶೋಧನೆಯ ಕೆಲಸವೇ.

ಈಗಲೇ ಏನು ಮಾಡಬಹುದು?

ಬಿಡಿಎಸ್ ಸೇರಿದ ವಿದ್ಯಾರ್ಥಿಗಳು ಎಂಡಿಎಸ್‌ವರೆಗೆ ಕಾಯಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಲ್ಲಿ ಆರಂಭಿಸಿದ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆಯಲ್ಲಿ ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳು ಒಬ್ಬ ಮಾರ್ಗದರ್ಶಕರ ಕೈಕೆಳಗೆ ಎರಡು ತಿಂಗಳ ಸಣ್ಣ ಸಂಶೋಧನೆ ಮಾಡಲು ಅವಕಾಶವಿದೆ. ಎಂಡಿಎಸ್‌ನಲ್ಲಿ 'ಸಾರ್ವಜನಿಕ ಆರೋಗ್ಯ ದಂತವೈದ್ಯಕೀಯ' ಎಂಬ ವಿಭಾಗವೇ ಇದೆ. ಕುರ್ಚಿಯ ಸಂಪಾದನೆ ಕಡಿಮೆ ಎಂಬ ಕಾರಣಕ್ಕೆ ಅದನ್ನು ಕೊನೆಗೆ ಆರಿಸುವವರೇ ಹೆಚ್ಚು. ಊರಿನ ಹಲ್ಲಿನ ಲೆಕ್ಕ ಇಡುವ ವಿದ್ಯೆಯನ್ನು ಕ್ರಮವಾಗಿ ಹೇಳಿಕೊಡುವುದು ಆ ವಿಭಾಗವೇ ಎಂಬುದನ್ನು ಮರೆಯಬಾರದು.

ಕಾಲೇಜು ಆರಿಸುವ ಪೋಷಕರು ಶುಲ್ಕ, ಹಾಸ್ಟೆಲ್ ವಿಚಾರಿಸುವಾಗ ಇನ್ನೂ ಮೂರು ಪ್ರಶ್ನೆ ಸೇರಿಸಿಕೊಳ್ಳಲಿ. ಇಲ್ಲಿ ನೈತಿಕ ಸಮಿತಿ ನಿಯಮಿತವಾಗಿ ಸೇರುತ್ತದೆಯೇ? ಸಂಖ್ಯಾಶಾಸ್ತ್ರ ಬಲ್ಲ ಅಧ್ಯಾಪಕರಿದ್ದಾರೆಯೇ? ಕಳೆದ ಐದು ವರ್ಷದಲ್ಲಿ ಈ ಕಾಲೇಜು ತನ್ನ ಸುತ್ತಲಿನ ಹಳ್ಳಿಗಳ ಬಗ್ಗೆ ಕಂಡುಕೊಂಡದ್ದೇನು? ಮೂರನೆಯ ಪ್ರಶ್ನೆಗೆ ಪ್ರಾಂಶುಪಾಲರು ತಡವರಿಸಿದರೂ ನಷ್ಟವಿಲ್ಲ. ಹತ್ತು ಜನ ಪೋಷಕರು ಅದನ್ನೇ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಉತ್ತರ ಹುಡುಕುವ ಕೆಲಸ ಅಲ್ಲಿ ಶುರುವಾಗಿರುತ್ತದೆ.